ಮೂರು ನೋಡ್ ಸತ್ತವು, ಹದಿನೆಂಟು ಮಾತು ಬಿಟ್ಟವು: ನನ್ನ ವೈರ್‌ಲೆಸ್ ಸೆನ್ಸರ್ ಜಾಲಕ್ಕೆ ಏನಾಗಿದೆ?

ಮಿಣುಕುಹುಳ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಬೈಯಬೇಡಿ.

ಒಂದು ತೋಟದಲ್ಲಿ 24 ನೋಡ್ ಹಾಕಿದ್ದೇನೆ. ಒಂದೊಂದರಲ್ಲೂ ಮಣ್ಣಿನ ತೇವ ನೋಡುವ ಸೆನ್ಸರ್, ಗಾಳಿಯ ಬಿಸಿ ನೋಡುವ ಸೆನ್ಸರ್, 2.4 ಗಿಗಾಹರ್ಟ್ಸ್ ರೇಡಿಯೋ, ಎರಡು ಎಎ ಸೆಲ್. ಹತ್ತು ನಿಮಿಷಕ್ಕೊಮ್ಮೆ ಅಳೆದು ಗೇಟ್‌ವೇಗೆ (ಎಲ್ಲರ ಡೇಟಾ ಕೂಡಿಸಿಕೊಳ್ಳುವ ಪೆಟ್ಟಿಗೆ) ಕಳಿಸಬೇಕು, ಅಷ್ಟೇ ಕೆಲಸ. ದೂರದ ನೋಡ್‌ಗಳು ನಡುವಿನ ಮೂರು ನೋಡ್‌ಗಳ ಮೂಲಕ ಹಾಯ್ದು ಬರುತ್ತವೆ. ಸೆಲ್ ಒಂದು ವರ್ಷ ಬರುತ್ತದೆ ಅಂತ ಕಿಟ್ ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು.

ಆರನೇ ದಿನ ಆ ನಡುವಿನ ಮೂರೂ ಒಟ್ಟಿಗೆ ಸತ್ತವು. ಅವುಗಳ ಹಿಂದಿದ್ದ ಹದಿನೆಂಟೂ ಗಪ್‌ಚುಪ್. ಗೇಟ್‌ವೇ ಪಕ್ಕದ ಮೂರು ಮಾತ್ರ ಏನೂ ಆಗಿಲ್ಲದ ಹಾಗೆ ಡೇಟಾ ಕಳಿಸುತ್ತಾ ಕೂತಿವೆ. ಹೊಸ ಸೆಲ್ ಹಾಕಿದೆ. ಮತ್ತೆ ಆರನೇ ದಿನವೇ ಢಮಾರ್.

ಇನ್ನೆರಡು ದೂರು. ಚೆನ್ನಾಗಿದ್ದ ದಿನಗಳಲ್ಲೂ ಮೂರರಲ್ಲಿ ಒಂದು ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ಡೇಟಾ ತುಣುಕು) ಬರುತ್ತಲೇ ಇರಲಿಲ್ಲ. ಮತ್ತೆ 9ನೇ ನೋಡ್ ಮಧ್ಯಾಹ್ನ 54 ಡಿಗ್ರಿ ತೋರಿಸುತ್ತದೆ. ನಾನು ಅಲ್ಲೇ ನಿಂತಿದ್ದೆ ಸ್ವಾಮಿ, 54 ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಗೂಬೆ
ಸೆಲ್ ಉಲ್ಟಾ ಹಾಕಿಲ್ಲ ತಾನೇ?

ಮಿಣುಕುಹುಳ
ಆರು ದಿನ ನಡೆದಿದೆ ಮಾರಾಯ. ಉಲ್ಟಾ ಹಾಕಿದರೆ ಆರು ದಿನ ನಡೆಯುತ್ತದಾ?

ಹಳೇರೇಡಿಯೋ
ನಡುವಿನ ಮೂರನ್ನು ರೂಟರ್ (ಬೇರೆಯವರ ಡೇಟಾ ದಾಟಿಸುವ ನೋಡ್) ಅಂತ ಸೆಟ್ ಮಾಡಿದ್ದೀರಿ, ಉಳಿದವು ಮಲಗಿ ಏಳುವ ನೋಡ್‌ಗಳು. ಸರಿನಾ? ಹಾಗಿದ್ದರೆ ನಿಮ್ಮ ನೋಡ್‌ಗಳು ಸರಿಯಾಗೇ ಇವೆ. ಲೆಕ್ಕದ ಪ್ರಕಾರವೇ ಸತ್ತಿವೆ.

ಜಿಗ್‌ಬೀ (ಕಡಿಮೆ ಕರೆಂಟಿನ ರೇಡಿಯೋ ಜಾಲದ ಒಂದು ಪದ್ಧತಿ) ತರದ ಜಾಲದಲ್ಲಿ ರೂಟರ್ ಮಲಗುವುದಿಲ್ಲ. ತನ್ನ ಹಿಂದಿನ ಯಾವ ಮಗು-ನೋಡ್ ಯಾವಾಗ ಕೂಗುತ್ತದೋ ಗೊತ್ತಿಲ್ಲ, ಅದಕ್ಕೆ ಇಪ್ಪತ್ನಾಲ್ಕು ಗಂಟೆಯೂ ಕಿವಿ ತೆರೆದು ಕೂರಬೇಕು. ಕಿವಿ ತೆರೆದಿಡುವುದು ಪುಕ್ಕಟೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಸಿಸಿ2420 ಅನ್ನೋ ಹಳೇ ಚಿಪ್ಪಿನ ಡೇಟಾಶೀಟ್ ತೆಗೆದು ನೋಡಿ: ಕಳಿಸುವಾಗ 17.4 ಮಿಲಿಆಂಪ್, ಕೇಳುವಾಗ 18.8. ಮಾತಾಡುವುದಕ್ಕಿಂತ ಸುಮ್ನೆ ಕೇಳುತ್ತಾ ಕೂರುವುದೇ ದುಬಾರಿ!

ಈಗ ಭಾಗಾಕಾರ. ಎಎ ಸೆಲ್ 2500 ಮಿಲಿಆಂಪ್-ಅವರ್ ಅಂದುಕೊಳ್ಳಿ. ಅದನ್ನು 19ರಿಂದ ಭಾಗಿಸಿ. 131 ಗಂಟೆ. ಅಂದರೆ ಐದೂವರೆ ದಿನ.

ಪ್ಯಾಕೆಟ್‌ಪುಟ್ಟ
ಎರಡು ಸೆಲ್ ಇವೆಯಲ್ಲ ಸರ್, ಹಾಗಾದರೆ 5000. ಹನ್ನೊಂದು ದಿನ ಬರಬೇಕಿತ್ತು.

ಹಳೇರೇಡಿಯೋ
ಸಾಲಾಗಿ ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ ತಮ್ಮಾ, ಮಿಲಿಆಂಪ್-ಅವರ್ ಅಲ್ಲ. 3 ವೋಲ್ಟ್, 2500.

ಪ್ಯಾಕೆಟ್‌ಪುಟ್ಟ
ಛೇ. ಹೌದು. ಪರೀಕ್ಷೆಯಲ್ಲೂ ಇದನ್ನೇ ತಪ್ಪು ಬರೆದಿದ್ದೆ.

ಮಿಣುಕುಹುಳ
ಅಯ್ಯೋ, ಹೌದು, ಮೂರನ್ನೂ ರೂಟರ್ ಮಾಡಿದ್ದೇನೆ. ಹಾಳೆಯಲ್ಲಿದ್ದ ‘ಒಂದು ವರ್ಷ’ ಮಲಗುವ ನೋಡ್‌ಗೆ ಮಾತ್ರ ಅಂತಾಯಿತು. ಸರಿ, ಹಿಂದಿನ ಹದಿನೆಂಟು ಯಾಕೆ ಬೇರೆ ದಾರಿ ಹಿಡಿಯಲಿಲ್ಲ? ನೋಡಿಂದ ನೋಡಿಗೆ ಡೇಟಾ ದಾಟಿಸುವ ಇಂಥ ಮೆಶ್ ಜಾಲ ಅಂದರೆ ತಾನೇ ದಾರಿ ಹುಡುಕಿಕೊಳ್ಳುತ್ತದೆ ಅಂತಾರಲ್ವಾ?

ಹಳೇರೇಡಿಯೋ
ಇದ್ದ ಮೂರು ಸೇತುವೆಯೂ ಒಂದೇ ದಿನ ಬಿದ್ದರೆ ಇನ್ನೆಲ್ಲಿಯ ಬೇರೆ ದಾರಿ? ಮೂರಕ್ಕೂ ಒಂದೇ ದಿನ ಸೆಲ್ ಹಾಕಿದ್ದೀರಿ, ಮೂರೂ ಒಂದೇ ವೇಗದಲ್ಲಿ ಕುಡಿದಿವೆ.

ಇನ್ನೊಂದು ಕೆಲಸ ಮಾಡಿ. ಆ ಹದಿನೆಂಟರ ಸೆಲ್ ತೆಗೆದು ಮಲ್ಟಿಮೀಟರ್‌ನಲ್ಲಿ ನೋಡಿ. ಹೊಸದರ ಹಾಗೆ ಇರುವುದಿಲ್ಲ ಅಂತ ನನ್ನ ಅಂದಾಜು.

ಬೆಸುಗೆಕಡ್ಡಿ
ಇಷ್ಟೆಲ್ಲಾ ಒದ್ದಾಟ ಯಾಕೆ ಅಂತ? ಮೆಶ್ ಕಿತ್ತು ಹಾಕಿ, ದೂರ ಹೋಗುವ ಲೋರಾ ರೇಡಿಯೋ ಹಾಕಿ. ಪ್ರತಿ ನೋಡೂ ನೇರ ಗೇಟ್‌ವೇ ಜೊತೆ ಮಾತಾಡುತ್ತದೆ. ನಡುವೆ ಯಾರೂ ಎಚ್ಚರ ಇರಬೇಕಾಗಿಲ್ಲ. ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ, ಗಿಡಗಂಟಿ ದಾಟುವುದೂ ಸಲೀಸು. ಹತ್ತು ನಿಮಿಷಕ್ಕೆ ಹತ್ತು ಬೈಟ್ ಕಳಿಸಲು ಮೆಶ್ ಕಟ್ಟುವುದು ಅಂದರೆ ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ.

ಓದುಗಿ
ಈ ವೇದಿಕೆಯಲ್ಲಿ ಏನು ಕೇಳಿದರೂ ನಾಲ್ಕನೇ ಉತ್ತರ ಲೋರಾ. ಬೆಸುಗೆಕಡ್ಡಿಯವರೇ, ಅದರ ಇನ್ನೊಂದು ಮುಖವನ್ನೂ ಹೇಳಿ. ದೂರ ಹೋಗಬೇಕಾದರೆ ನಿಧಾನ ಮಾತಾಡಬೇಕು. ಎಷ್ಟು ನಿಧಾನ ಅಂತ ಹೇಳುವ ಅಂಕಿಯೇ ಎಸ್‌ಎಫ್: 7 ಅಂದರೆ ವೇಗ, 12 ಅಂದರೆ ತೀರಾ ನಿಧಾನ. ಎಸ್‌ಎಫ್12ರಲ್ಲಿ ಹತ್ತು ಬೈಟ್ ಕಳಿಸಲು ಸುಮಾರು ಒಂದೂವರೆ ಸೆಕೆಂಡ್ ಗಾಳಿಯಲ್ಲಿರಬೇಕು. ಅಷ್ಟು ಹೊತ್ತೂ ರೇಡಿಯೋ ಕರೆಂಟ್ ಎಳೆಯುತ್ತದೆ. ಯುರೋಪಿನ ಹಲವು ಉಪಬ್ಯಾಂಡ್‌ಗಳಲ್ಲಿ ಗಂಟೆಗೆ ನೂರಕ್ಕೆ ಒಂದು ಪಾಲು ಮಾತ್ರ ಮಾತಾಡಬಹುದು, ಅಂದರೆ 36 ಸೆಕೆಂಡ್. ಜಿಗ್‌ಬೀಗೆ ಅಡಿಪಾಯವಾದ 802.15.4 ಮಾನದಂಡದ (ಚುಟುಕಾಗಿ 15.4) ರೇಡಿಯೋ ಸೆಕೆಂಡಿಗೆ 250 ಕಿಲೋಬಿಟ್ ಓಡುತ್ತದೆ, ಅದೇ ಹತ್ತು ಬೈಟ್ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ಬೆಸುಗೆಕಡ್ಡಿ
ಮೇಡಂ, ಈ ತೋಟಕ್ಕೆ ಎಸ್‌ಎಫ್12 ಯಾರು ಹಾಕುತ್ತಾರೆ? ಎಸ್‌ಎಫ್7 ಸಾಕು. ಅದರಲ್ಲಿ ಅದೇ ಪ್ಯಾಕೆಟ್ ನೂರು ಮಿಲಿಸೆಕೆಂಡ್ ಕೂಡ ಆಗುವುದಿಲ್ಲ. ಕೆಟ್ಟ ಲೆಕ್ಕ ಆರಿಸಿಕೊಂಡು ನನ್ನನ್ನು ಹೊಡೆಯಬೇಡಿ.

ಓದುಗಿ
ಒಪ್ಪಿದೆ. ಈ ತೋಟಕ್ಕೆ ಎಲ್ಲರೂ ನೇರ ಗೇಟ್‌ವೇ ಜೊತೆ ಮಾತಾಡುವ ಸ್ಟಾರ್ ಜಾಲ ಸಾಕು. ನನ್ನ ತಕರಾರು ‘ಎಲ್ಲದಕ್ಕೂ’ ಅನ್ನೋದರ ಮೇಲೆ. ಸೇತುವೆಯ ನಡುಕ ಅಳೆಯಲು ಲೋರಾ ಹಾಕಿ ನೋಡೋಣ! ಗೋಲ್ಡನ್ ಗೇಟ್ ಸೇತುವೆಯ ಮೇಲೆ 64 ನೋಡ್ ಹಾಕಿದ್ದರು. ಸೆಕೆಂಡಿಗೆ ಸಾವಿರ ಸಲ ಅಳತೆ. ಉದ್ದ ಸಾಲಾಗಿ ಇದ್ದದ್ದರಿಂದ ಕೊನೆಯ ನೋಡಿನ ಡೇಟಾ 46 ಜಿಗಿತ ಜಿಗಿದು ಬರಬೇಕು. ಅಲ್ಲಿ ಕೂಡ ಅಳತೆಯನ್ನು ಮೊದಲು ನೋಡಿನಲ್ಲೇ ತುಂಬಿಟ್ಟು, ಆಮೇಲೆ ಗಂಟೆಗಟ್ಟಲೆ ಸಾಗಿಸಿದ್ದು.

ಗೂಬೆ
46 ಜಿಗಿತ! ನಮ್ಮ ಆಫೀಸಿನ ಫೈಲ್ ನೆನಪಾಯಿತು.

ಶೂನ್ಯವೋಲ್ಟ್
ಮೆಶ್ ಅಂದರೆ ರೂಟರ್ ಎಚ್ಚರ ಇರಲೇಬೇಕು ಅಂತೇನಿಲ್ಲ, ಅದೊಂದು ತಪ್ಪು ಕಲ್ಪನೆ. ನಾನು ಕಾರ್ಖಾನೆಗಳಲ್ಲಿ ಸೆನ್ಸರ್ ಕೂರಿಸುವ ಕೆಲಸದವನು. ಅಲ್ಲಿ ವೈರ್‌ಲೆಸ್‌ಹಾರ್ಟ್ ಅನ್ನೋ ಮೆಶ್ ಪದ್ಧತಿ ಇದೆ, 2007ರಿಂದ. ಪ್ರತಿ ನೋಡ್‌ಗೂ ಹತ್ತು ಮಿಲಿಸೆಕೆಂಡಿನ ಸರದಿ ಕೊಟ್ಟಿರುತ್ತದೆ: ಈ ಹೊತ್ತಿಗೆ ನೀನು ಮಾತಾಡು, ನೀನು ಕೇಳು, ಉಳಿದವರೆಲ್ಲ ಮಲಗಿ. ಪ್ರತಿ ಸಲ ಚಾನೆಲ್ ಕೂಡ ಬದಲಾಗುತ್ತದೆ, ಒಂದು ಚಾನೆಲ್‌ನಲ್ಲಿ ಗಲಾಟೆ ಇದ್ದರೆ ಇನ್ನೊಂದರಲ್ಲಿ ಹೋಗಲಿ ಅಂತ. ಅದೇ ಉಪಾಯ 2012ರಲ್ಲಿ 802.15.4ಇ ಅನ್ನೋ ತಿದ್ದುಪಡಿಯೊಳಗೆ ಟಿಎಸ್‌ಸಿಎಚ್ (ಸರದಿ ಹಿಡಿದು ಚಾನೆಲ್ ಜಿಗಿಯುವುದು) ಅಂತ ಬಂತು. ದಾರಿ ತೋರಿಸುವ ನೋಡೂ ಸೆಲ್ ಮೇಲೆ ವರ್ಷಗಟ್ಟಲೆ ಓಡುತ್ತದೆ.

ಕಷ್ಟ ಎಲ್ಲಿ ಅಂದರೆ ಗಡಿಯಾರದಲ್ಲಿ. ಇಂಥ ಬೋರ್ಡ್‌ಗಳಲ್ಲಿ ಸಮಯ ನೋಡುವುದು ಒಂದು ಪುಟ್ಟ 32.768 ಕಿಲೋಹರ್ಟ್ಸ್ ಹರಳು. ಅದು ದಶಲಕ್ಷಕ್ಕೆ 20 ತಪ್ಪಿದರೂ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್ ಜಾರುತ್ತದೆ. ಹತ್ತು ಮಿಲಿಸೆಕೆಂಡಿನ ಸರದಿಯಲ್ಲಿ ಅದು ಯುಗಾಂತರ. ಅದಕ್ಕೇ ನೋಡ್‌ಗಳು ಆಗಾಗ ಪಕ್ಕದವರ ಜೊತೆ ಗಡಿಯಾರ ಸರಿಮಾಡಿಕೊಳ್ಳುತ್ತಿರಬೇಕು.

ಪ್ಯಾಕೆಟ್‌ಪುಟ್ಟ
ಅಷ್ಟೆಲ್ಲಾ ಬೇಡ ಅನ್ನುವವರಿಗೆ ಅರೆನಿದ್ದೆ ಇದೆಯಲ್ವಾ? ಅರ್ಧ ಸೆಕೆಂಡಿಗೊಮ್ಮೆ ಎದ್ದು ಯಾರಾದರೂ ಕೂಗುತ್ತಿದ್ದಾರಾ ಅಂತ ಕಿವಿಗೊಟ್ಟು ಮತ್ತೆ ಮಲಗುವುದು.

ಹಳೇರೇಡಿಯೋ
ಭೇಷ್. ಈ ಸಲ ಸರಿಯಾಗಿ ಹೇಳಿದೆ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರ ಇದ್ದರೆ ಸರಾಸರಿ 0.19 ಮಿಲಿಆಂಪ್, ಕಾಗದದ ಮೇಲೆ ಒಂದೂವರೆ ವರ್ಷ. ಆದರೆ ಕೇಳುವವನು ಮಲಗಿದ್ದಾನೆ ಅಂದರೆ ಕೂಗುವವನು ಅವನು ಏಳುವ ತನಕ ಕೂಗುತ್ತಲೇ ಇರಬೇಕು. ಇಲ್ಲಿ ಉಳಿಸಿದ್ದು ಅಲ್ಲಿ ಖರ್ಚು. ಪ್ಯಾಕೆಟ್ ಕಡಿಮೆ ಇರುವ ಕಡೆ ಮಾತ್ರ ಲಾಭ.

ಮಿಣುಕುಹುಳ
ಅಳೆದೆ! ಹದಿನೆಂಟರಲ್ಲಿ ಹನ್ನೆರಡರ ಸೆಲ್ ಅರ್ಧಕ್ಕಿಂತ ಜಾಸ್ತಿ ಖಾಲಿ. ಗೇಟ್‌ವೇ ಪಕ್ಕದ ಮೂರರದ್ದು ಹೊಸದರ ಹಾಗೇ ಇದೆ. ಯಾಕೆ? ಕೆಲಸವನ್ನೇ ಮಾಡದವು ಹೇಗೆ ಖಾಲಿಯಾದವು?

ಹಳೇರೇಡಿಯೋ
ಕೆಲಸ ಮಾಡದೆ ಅಲ್ಲ, ಅಪ್ಪ-ಅಮ್ಮನನ್ನು ಹುಡುಕಿ ಹುಡುಕಿ ಖಾಲಿಯಾದವು. ರೂಟರ್ ಹೋದ ಮೇಲೆ ನೋಡ್ ಅನಾಥ. ಒಂದೊಂದೇ ಚಾನೆಲ್ ತಿರುವಿ ‘ಯಾರಾದರೂ ಇದ್ದೀರಾ’ ಅಂತ ಕೂಗಿ, ಉತ್ತರಕ್ಕೆ ಕಿವಿ ತೆರೆದು ಕಾದು, ಸಿಗದಿದ್ದರೆ ಮತ್ತೆ ಮೊದಲಿಂದ. ಹುಡುಕುವಷ್ಟು ಹೊತ್ತೂ 19 ಮಿಲಿಆಂಪ್. ಕೋಡ್‌ನಲ್ಲಿ ಬದಲಾಯಿಸಿ: ಮೊದಲ ಸಲ ಸಿಗದಿದ್ದರೆ ಒಂದು ನಿಮಿಷ ಮಲಗು, ಆಮೇಲೆ ಎರಡು, ಆಮೇಲೆ ನಾಲ್ಕು, ಹೀಗೆ ಒಂದು ಗಂಟೆ ತನಕ. ಅಷ್ಟು ಹೊತ್ತು ಅಳತೆಯನ್ನು ಫ್ಲ್ಯಾಶ್‌ನಲ್ಲಿ (ಸೆಲ್ ತೆಗೆದರೂ ಅಳಿಯದ ಮೆಮೊರಿ) ಕೂಡಿಡಿ. ಕಿಟ್‌ಗಳ ಮಾದರಿ ಕೋಡ್ ಬರೆದವರು ಮೇಜಿನ ಮೇಲೆ ಹತ್ತು ನಿಮಿಷ ಓಡಿಸಿ ನೋಡಿರುತ್ತಾರೆ, ಅಷ್ಟೇ.

ಶೂನ್ಯವೋಲ್ಟ್
ಪ್ಯಾಕೆಟ್ ಕಳೆಯುವ ವಿಷಯಕ್ಕೆ ಬರೋಣ. ಯಾವ ಚಾನೆಲ್? ಗೇಟ್‌ವೇ ಎಲ್ಲಿಟ್ಟಿದ್ದೀರಿ? ನೋಡ್‌ಗಳೆಲ್ಲ ಯಾವ ಹೊತ್ತಿಗೆ ಕಳಿಸುತ್ತವೆ?

ಮಿಣುಕುಹುಳ
ಚಾನೆಲ್ 18. ಗೇಟ್‌ವೇ ಕೋಣೆಯಲ್ಲಿ ವೈಫೈ ಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ, ಬೇರೆ ಜಾಗ ಇರಲಿಲ್ಲ. ಗಡಿಯಾರ ಸರಿಹೊಂದಿಸಿದ್ದೇನೆ, ಎಲ್ಲವೂ ಸರಿಯಾಗಿ 00, 10, 20, 30ನೇ ನಿಮಿಷಕ್ಕೆ ಕಳಿಸುತ್ತವೆ. ಟೇಬಲ್‌ನಲ್ಲಿ ನೀಟಾಗಿ ಕಾಣಲಿ ಅಂತ.

ಶೂನ್ಯವೋಲ್ಟ್
ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಚಾನೆಲ್ 18 ಅಂದರೆ 2440 ಮೆಗಾಹರ್ಟ್ಸ್. ವೈಫೈ ಚಾನೆಲ್ 6ರ ನಡುಮಧ್ಯ ಇರುವುದು 2437. ಅದರ ತಲೆಯ ಮೇಲೇ ಗೇಟ್‌ವೇ ಕೂರಿಸಿದ್ದೀರಿ. ಡೊಳ್ಳು ಬಾರಿಸುವವನ ಪಕ್ಕ ಕೂತು ಪಿಸುಮಾತು ಕೇಳಿಸಿಕೊಳ್ಳುವ ಹಾಗೆ ಆಯಿತು. ಗೇಟ್‌ವೇಯನ್ನು ದೂರ ಇಡಿ, ಚಾನೆಲ್ 25 ಅಥವಾ 26ಕ್ಕೆ ಹೋಗಿ. 26 ಅಂದರೆ 2480, ವೈಫೈ 11ರ ಆಚೆ. ವೈಫೈ 13 ಬಳಸುವ ಕಡೆ ಮಾತ್ರ ಅದೂ ಬಚಾವಲ್ಲ.

ಇನ್ನು ಹೊತ್ತಿನ ಮಾತು. 24 ಜನ ಒಂದೇ ಕ್ಷಣಕ್ಕೆ ಬಾಯಿ ತೆರೆದರೆ ಯಾರ ಮಾತು ಕೇಳಿಸುತ್ತದೆ? ‘ಮಾತಾಡುವ ಮೊದಲು ಕೇಳು’ ಅನ್ನೋ ನಿಯಮ ಇದೆ, ನಿಜ. ಆದರೆ ತೋಟದ ಈ ತುದಿಯವನಿಗೆ ಆ ತುದಿಯವನು ಕೇಳಿಸುವುದೇ ಇಲ್ಲ. ಇಬ್ಬರೂ ದಾರಿ ಖಾಲಿ ಅಂದುಕೊಂಡು ಕಳಿಸುತ್ತಾರೆ, ನಡುವಿನ ರೂಟರ್ ಹತ್ತಿರ ಎರಡೂ ಗುದ್ದಿಕೊಳ್ಳುತ್ತವೆ. ಅಳತೆ 00ಕ್ಕೇ ಮಾಡಿ, ಕಳಿಸುವುದನ್ನು ಮಾತ್ರ ಸೊನ್ನೆಯಿಂದ ಅರವತ್ತು ಸೆಕೆಂಡಿನ ನಡುವೆ ಚದುರಿಸಿ. ಟೇಬಲ್ ಆಗಲೂ ನೀಟಾಗೇ ಇರುತ್ತದೆ.

ಗೂಬೆ
‘ನೀಟಾಗಿ ಕಾಣಲಿ ಅಂತ’ 😂 ನಾನೊಮ್ಮೆ ನೀಟಾಗಿ ಕಾಣಲಿ ಅಂತ ಬೋರ್ಡನ್ನು ಕಬ್ಬಿಣದ ಡಬ್ಬಿಯಲ್ಲಿ ಕೂರಿಸಿ, ಆಂಟೆನಾ ಸಮೇತ ಮುಚ್ಚಳ ಹಾಕಿ ಸ್ಕ್ರೂ ಬಿಗಿದಿದ್ದೆ. ಮೂರು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ.

ಬೆಸುಗೆಕಡ್ಡಿ
ಇದು ಒಮ್ಮೆಯಾದರೂ ಮಾಡದವರು ಇಲ್ಲಿ ಕೈ ಎತ್ತಿ. ಯಾರೂ ಎತ್ತುವುದಿಲ್ಲ.

ಓದುಗಿ
54 ಡಿಗ್ರಿ ಬಗ್ಗೆ ಯಾರೂ ಮಾತಾಡಲಿಲ್ಲ. ಡಬ್ಬಿ ಎಂಥದ್ದು? ಬಿಸಿಲು ನೇರ ಬೀಳುತ್ತದಾ?

ಮಿಣುಕುಹುಳ
ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಎಲ್‌ಇಡಿ ಮಿನುಗುವುದು ಕಾಣಲಿ ಅಂತ. ಹೌದು, 9ನೇದರ ಮೇಲೆ ಬಿಸಿಲು ಬೀಳುತ್ತದೆ, ಉಳಿದವು ನೆರಳಲ್ಲಿವೆ.

ಓದುಗಿ
ಹಾಗಾದರೆ ಸೆನ್ಸರ್ ಸುಳ್ಳು ಹೇಳಿಲ್ಲ. ಡಬ್ಬಿಯೊಳಗೆ ನಿಜವಾಗಲೂ 54 ಇತ್ತು. ನೀವು ಗಾಳಿ ಅಳೆಯಲಿಲ್ಲ, ಒಲೆ ಅಳೆದಿರಿ. ಸೆನ್ಸರನ್ನು ಡಬ್ಬಿಯಿಂದ ಹೊರಗೆ ತಂದು, ಬಿಳಿ ತಟ್ಟೆಗಳನ್ನು ನಡುವೆ ಸಂದು ಬಿಟ್ಟು ಒಂದರ ಮೇಲೊಂದು ಪೇರಿಸಿದ ಗೂಡಿನಲ್ಲಿಡಿ. ಬಿಸಿಲು ತಾಗಬಾರದು, ಗಾಳಿ ಆಡಬೇಕು. ಎಲ್‌ಇಡಿಯನ್ನೂ ಆರಿಸಿ, ಅದೊಂದು ಕುಡುಕ.

ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಪ್ರತಿ ಪ್ಯಾಕೆಟ್ ಜೊತೆ ಸೆಲ್ ವೋಲ್ಟೇಜನ್ನೂ ಕಳಿಸಿ. ಕ್ಯಾಲಿಫೋರ್ನಿಯಾದಲ್ಲಿ 70 ಮೀಟರ್ ಎತ್ತರದ ಒಂದು ರೆಡ್‌ವುಡ್ ಮರಕ್ಕೆ ಬರ್ಕ್ಲಿ ವಿಶ್ವವಿದ್ಯಾಲಯದವರು ಬೇರೆ ಬೇರೆ ಎತ್ತರದಲ್ಲಿ ನೋಡ್ ಕಟ್ಟಿ, ಐದು ನಿಮಿಷಕ್ಕೊಮ್ಮೆಯಂತೆ 44 ದಿನ ಅಳತೆ ತೆಗೆದರು. ಆಮೇಲೆ ಕೂತು ನೋಡಿದರೆ, ಅಸಂಬದ್ಧ ಉಷ್ಣತೆ ಕೊಟ್ಟ ನೋಡ್‌ಗಳಲ್ಲಿ ಹೆಚ್ಚಿನವುಗಳ ಸೆಲ್ ಇಳಿದಿತ್ತು. ವೋಲ್ಟೇಜ್ ನೋಡಿಯೇ ಕೆಟ್ಟ ಅಳತೆಗಳನ್ನು ಬೇರೆ ಮಾಡಬಹುದಿತ್ತು. ಸಾಯುವ ನೋಡ್ ಒಮ್ಮೆಗೇ ಸಾಯುವುದಿಲ್ಲ, ಮೊದಲು ಸುಳ್ಳು ಹೇಳಲು ಶುರು ಮಾಡುತ್ತದೆ.

ಪ್ಯಾಕೆಟ್‌ಪುಟ್ಟ
45ಕ್ಕಿಂತ ಮೇಲಿದ್ದದ್ದನ್ನೆಲ್ಲ ಅಳಿಸಿಹಾಕಿದರೆ ಆಯಿತಲ್ಲ?

ಓದುಗಿ
54 ಕಣ್ಣಿಗೆ ಹೊಡೆಯುತ್ತದೆ, ಅಳಿಸುತ್ತೀಯ. ಅದೇ ಡಬ್ಬಿ ಮೋಡದ ದಿನ 33 ಇರುವಲ್ಲಿ 37 ತೋರಿಸಿದರೆ? ಅದು ಜರಡಿಯಲ್ಲಿ ಸಿಗುವುದಿಲ್ಲ, ನೇರ ನಿನ್ನ ವರದಿಯೊಳಗೆ ಹೋಗಿ ಕೂರುತ್ತದೆ.

ಬೆಸುಗೆಕಡ್ಡಿ
ಮಣ್ಣಿನ ಸೆನ್ಸರ್ ಯಾವುದು? ಎರಡು ಲೋಹದ ಮುಳ್ಳು ಇರುವ ಅಗ್ಗದ್ದಾ? ಅದಕ್ಕೆ ಸದಾ ಕರೆಂಟ್ ಕೊಟ್ಟರೆ ಕೆಲವೇ ವಾರಗಳಲ್ಲಿ ಮುಳ್ಳು ಸವೆದು ಕರಗಿಹೋಗುತ್ತದೆ. ಅಳೆಯುವ ಕ್ಷಣಕ್ಕೆ ಮಾತ್ರ ಕೊಡಿ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಆದರೆ ಆ ತೊಂದರೆ ಇಲ್ಲ, ಆದರೆ ಬೋರ್ಡಿನ ಅಂಚಿಗೆ ವಾರ್ನಿಷ್ ಬಳಿಯಿರಿ, ಅಂಚಿನಿಂದ ನೀರು ಒಳಗೆ ಹೋಗುತ್ತದೆ.

ಮಿಣುಕುಹುಳ
ಕೆಪ್ಯಾಸಿಟಿವ್. ಅಂಚು ಬಳಿದಿಲ್ಲ. 😐

ಗೂಬೆ
ಇದಕ್ಕಿಂತ ಒಬ್ಬ ಮನುಷ್ಯ ದಿನಕ್ಕೆ ಎರಡು ಸಲ ಹೋಗಿ ಮಣ್ಣು ಮುಟ್ಟಿ ನೋಡಿಕೊಂಡು ಬಂದರೆ ಆಗಲ್ವಾ?

ಓದುಗಿ
ಕೆಲವು ಕಡೆ ಮನುಷ್ಯ ಹೋಗುವುದೇ ತೊಂದರೆ. ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಗ್ರೇಟ್ ಡಕ್ ಅನ್ನೋ ದ್ವೀಪ ಇದೆ. ಅಲ್ಲಿ ಪೆಟ್ರೆಲ್ ಅನ್ನೋ ಕಡಲ ಹಕ್ಕಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಜನ ಹೋಗಿ ಬಿಲದಲ್ಲಿ ಕೈ ಹಾಕಿ ನೋಡಿದರೆ ಹಕ್ಕಿ ಗೂಡು ಬಿಟ್ಟು ಹೋಗಬಹುದು. ಅದಕ್ಕೆ 2002ರಲ್ಲಿ 32 ನೋಡ್ ಹಾಕಿದರು, ಕೆಲವು ಬಿಲದೊಳಗೇ. ಅಲ್ಲೂ ಒದ್ದೆಗೆ ಎಷ್ಟೋ ನೋಡ್ ಕೆಟ್ಟವು, ಅದು ಬೇರೆ ಮಾತು. ಕೆನ್ಯಾದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಜೀಬ್ರಾಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದರು, 2004ರಲ್ಲಿ. ಅಲ್ಲಿ ನೋಡ್‌ಗಳೇ ಓಡಾಡುತ್ತವೆ! ಎರಡು ಜೀಬ್ರಾ ಹತ್ತಿರ ಬಂದಾಗ ಪಟ್ಟಿಗಳು ಡೇಟಾ ಹಂಚಿಕೊಳ್ಳುತ್ತವೆ. ಜೀಪಿನವರಿಗೆ ಒಂದು ಜೀಬ್ರಾ ಸಿಕ್ಕಿದರೂ ಅದು ಭೇಟಿಯಾದ ಜೀಬ್ರಾಗಳ ಸುದ್ದಿಯೂ ಸಿಗುತ್ತದೆ.

ಗೂಬೆ
ಮದುವೆಮನೆಯಲ್ಲಿ ಒಬ್ಬ ಅತ್ತೆ ಸಿಕ್ಕರೆ ಸಾಕು ಅಂದ ಹಾಗೆ.

ಪ್ಯಾಕೆಟ್‌ಪುಟ್ಟ
ಸಮುದ್ರದೊಳಗೂ ಹಾಕುತ್ತಾರಾ?

ಹಳೇರೇಡಿಯೋ
ಹಾಕುತ್ತಾರೆ, ಆದರೆ ರೇಡಿಯೋ ಉಪ್ಪುನೀರಿನಲ್ಲಿ ಹೋಗುವುದಿಲ್ಲ. ಶಬ್ದದಲ್ಲಿ ಮಾತಾಡಬೇಕು. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್. ಮೂರು ಕಿಲೋಮೀಟರ್ ದೂರದವನಿಗೆ ‘ಹಲೋ’ ಅಂದರೆ ‘ಹಾಂ’ ಅಂತ ಬರಲು ನಾಲ್ಕು ಸೆಕೆಂಡ್.

ನಿರ್ವಾಹಕ
ಜೀಬ್ರಾ, ಸಮುದ್ರ ಎಲ್ಲಾ ಚೆನ್ನಾಗಿದೆ, ಪ್ರಶ್ನೆ ಕೇಳಿದವರನ್ನು ಮರೆಯಬೇಡಿ. ಅತ್ತೆಯಂದಿರ ಸುದ್ದಿಗೆ ಬೇರೆ ಎಳೆ ತೆರೆಯಿರಿ.

ಶೂನ್ಯವೋಲ್ಟ್
ಬೀಗ ಹಾಕಿದ್ದೀರಾ? ಎನ್‌ಕ್ರಿಪ್ಷನ್ ಕೇಳುತ್ತಿದ್ದೇನೆ.

ಮಿಣುಕುಹುಳ
ಇಲ್ಲ. ಮಣ್ಣಿನ ತೇವ ಯಾರು ಕದಿಯುತ್ತಾರೆ ಹೇಳಿ?

ಶೂನ್ಯವೋಲ್ಟ್
ಕದಿಯುವುದು ಬಿಡಿ. ಮುಂದೆ ಇದೇ ಡೇಟಾ ನೋಡಿ ಪಂಪ್ ಆನ್-ಆಫ್ ಮಾಡಿಸುತ್ತೀರಿ ತಾನೇ? ‘ನೆಲ ಒಣಗಿದೆ’ ಅನ್ನೋ ಹಳೇ ಪ್ಯಾಕೆಟ್ ಹಿಡಿದಿಟ್ಟುಕೊಂಡು ರಾತ್ರಿಯಿಡೀ ಅದನ್ನೇ ಮತ್ತೆ ಮತ್ತೆ ಕಳಿಸಿದರೆ ತೋಟ ಕೆರೆ ಆಗುತ್ತದೆ. 15.4ರಲ್ಲಿ ಎಇಎಸ್-128 ಅನ್ನೋ ಬೀಗ ಇದೆ, ಹೆಚ್ಚಿನ ಚಿಪ್ಪುಗಳಲ್ಲಿ ಹಾರ್ಡ್‌ವೇರ್‌ನಲ್ಲೇ ಇರುತ್ತದೆ. ಆನ್ ಮಾಡಿ, ಪ್ಯಾಕೆಟ್ ಎಣಿಕೆಯ ಸಂಖ್ಯೆಯನ್ನೂ ಪರೀಕ್ಷಿಸಿ. ಸೆಲ್ ಬದಲಾಯಿಸಿದಾಗ ಆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಬಾರದು, ಫ್ಲ್ಯಾಶ್‌ನಲ್ಲಿ ಬರೆದಿಡಿ. ಒಂದು ನೋಡ್ ಯಾರೋ ಕಿತ್ತುಕೊಂಡು ಹೋದರೆ ಅದರೊಳಗಿನ ಕೀಲಿಯೂ ಹೋಗುತ್ತದೆ. ಎಲ್ಲಕ್ಕೂ ಒಂದೇ ಕೀಲಿ ಇದ್ದರೆ ಅಲ್ಲಿಗೆ ಮುಗಿಯಿತು.

ಬೆಸುಗೆಕಡ್ಡಿ
ರೂಟರ್‌ಗೆ ಲಿಥಿಯಂ ಥಯೋನಿಲ್ ಸೆಲ್ ಹಾಕಿದರೆ ಹೇಗೆ? ಹತ್ತು ವರ್ಷ ಬರುತ್ತದೆ ಅಂತ ಮೀಟರ್‌ಗಳಲ್ಲಿ ಹಾಕುತ್ತಾರಲ್ಲ.

ಶೂನ್ಯವೋಲ್ಟ್
ರೂಟರ್‌ಗೆ ಬೇಡ. ಹತ್ತು ವರ್ಷ ಬರುವುದು ಅದು ಯಾವಾಗಲೂ ಮಲಗಿರುವ ಕಾರಣಕ್ಕೆ. ಎಎ ಗಾತ್ರದಲ್ಲಿ ಅದರಲ್ಲೂ ಇರುವುದು 2400ರ ಆಸುಪಾಸೇ. ಇನ್ನೊಂದು ಕಿತಾಪತಿ: ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಳಗೆ ಪೊರೆ ಕಟ್ಟುತ್ತದೆ. ರೇಡಿಯೋ ತಟ್ಟನೆ ಎದ್ದು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಚಿಪ್ ರೀಸೆಟ್. ಮೀಟರಿಟ್ಟು ನೋಡಿದರೆ 3.6 ವೋಲ್ಟ್ ಸರಿಯಾಗೇ ಇರುತ್ತದೆ. ಒಂದು ವಾರ ಹುಚ್ಚು ಹಿಡಿದಿತ್ತು ನನಗೆ. ಪಕ್ಕದಲ್ಲಿ ದೊಡ್ಡ ಕೆಪ್ಯಾಸಿಟರ್ ಹಾಕಿದ ಮೇಲೆ ಸರಿಹೋಯಿತು.

ಹಳೇರೇಡಿಯೋ
ಮೂರೇ ರೂಟರ್ ಇರುವುದು. ಮೂರಕ್ಕೆ ಸಣ್ಣ ಸೋಲಾರ್ ಫಲಕ, ಒಂದು ರೀಚಾರ್ಜ್ ಸೆಲ್. ದಿನಕ್ಕೆ 19 ಗುಣಿಸು 24, ಅಂದರೆ 456 ಮಿಲಿಆಂಪ್-ಅವರ್ ಬೇಕು. ಮೋಡದ ದಿನಗಳಿಗೆ ಅದರ ಐದಾರು ಪಟ್ಟು ಸೆಲ್‌ನಲ್ಲಿರಲಿ. ಪ್ರೋಟೋಕಾಲ್ ಬದಲಾಯಿಸುವ ರಗಳೆಯೇ ಇಲ್ಲ.

ಬೆಸುಗೆಕಡ್ಡಿ
ಆಮೇಲೆ ಧೂಳು ಒರೆಸಲು ಯಾರು ಹೋಗುತ್ತಾರೆ?

ಹಳೇರೇಡಿಯೋ
ನಿಮ್ಮ ಲೋರಾ ಹೋಗಲಿ.

ಮಿಣುಕುಹುಳ
(ಮೂರು ವಾರದ ಮೇಲೆ)
ವರದಿ ಒಪ್ಪಿಸುತ್ತಿದ್ದೇನೆ. ಮೂರು ರೂಟರ್‌ಗೂ ಸೋಲಾರ್ ಹಾಕಿದೆ. ಇವತ್ತಿಗೆ ಹತ್ತೊಂಬತ್ತನೇ ದಿನ, ಮೂರೂ ಬದುಕಿವೆ. ಚಾನೆಲ್ 26, ಗೇಟ್‌ವೇ ಈಗ ಕಿಟಕಿಯ ಹತ್ತಿರ, ವೈಫೈಯಿಂದ ಆರು ಅಡಿ ದೂರ. ಕಳಿಸುವ ಹೊತ್ತು ಚದುರಿಸಿದೆ. ನೂರಕ್ಕೆ 97 ಪ್ಯಾಕೆಟ್ ಬರುತ್ತಿವೆ. 9ನೇ ನೋಡ್ ಬಿಳಿ ತಟ್ಟೆಗಳ ಗೂಡಿನಲ್ಲಿದೆ, ನಿನ್ನೆ ಮಧ್ಯಾಹ್ನ 34. ಅನಾಥ ಆದಾಗ ಮಲಗುವ ಕೋಡ್ ಕೂಡ ಬರೆದೆ. ಪರೀಕ್ಷೆಗೆ ಅಂತ ಒಂದು ರೂಟರ್ ನಾನೇ ಆರಿಸಿದೆ. ಹಿಂದಿನ ಆರೂ ತಣ್ಣಗೆ ಮಲಗಿ, ಆನ್ ಮಾಡಿದ ಮೇಲೆ ಒಂದೊಂದಾಗಿ ಎದ್ದು ಬಂದು ಹಳೇ ಅಳತೆಗಳನ್ನೆಲ್ಲ ಒಪ್ಪಿಸಿದವು. ನೋಡಿ ಖುಷಿಯಾಯಿತು.

ಒಂದೇ ಒಂದು ತರಲೆ ಉಳಿದಿದೆ. 17ನೇ ನೋಡ್ ರಾತ್ರಿ ಚೆನ್ನಾಗಿ ಬರುತ್ತದೆ, ಹಗಲು ಕೈ ಕೊಡುತ್ತದೆ. ಸೆಲ್ 2.9 ವೋಲ್ಟ್ ಇದೆ.

ಗೂಬೆ
ಗೂಬೆ ಜಾತಿ ಇರಬೇಕು.

ಓದುಗಿ
ನೆದರ್ಲೆಂಡ್ಸ್‌ನಲ್ಲಿ ಆಲೂಗಡ್ಡೆ ಹೊಲದಲ್ಲಿ ನೂರರಷ್ಟು ನೋಡ್ ಹಾಕಿದ್ದ ಒಂದು ಪ್ರಯೋಗ ಇದೆ, ಅಂಗಮಾರಿ ರೋಗ ಮೊದಲೇ ಹಿಡಿಯಲು. ಕೊನೆಗೆ ಕೈಗೆ ಸಿಕ್ಕಿದ್ದು ನೂರಕ್ಕೆ ಎರಡು ಪಾಲು ಡೇಟಾ. ಅಲ್ಲೂ ಒಂದು ವಿಚಿತ್ರ ಕಂಡಿತ್ತು, ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ರೇಡಿಯೋ ಚೆನ್ನಾಗಿ ಹೋಗುತ್ತಿತ್ತು. ಎಲೆಯಲ್ಲಿ ನೀರಿದ್ದರೆ ಸಿಗ್ನಲ್ ನುಂಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುವುದಕ್ಕೆ ಉಲ್ಟಾ. 17ರ ಆಂಟೆನಾ ಎಲ್ಲಿದೆ, ಎಲೆಗಳ ಮೇಲೋ ಒಳಗೋ?

ಮಿಣುಕುಹುಳ
ಹಾಕಿದಾಗ ಮೇಲಿತ್ತು. ಈಗ ಒಳಗಿದೆ. ಗಿಡ ಬೆಳೆದುಬಿಟ್ಟಿದೆ.

ಹಳೇರೇಡಿಯೋ
ಕೋಲು ಉದ್ದ ಮಾಡಿ. ಗಿಡ ಇನ್ನೂ ಬೆಳೆಯುತ್ತದೆ, ಅದನ್ನೂ ಲೆಕ್ಕ ಹಾಕಿ.

ಮಿಣುಕುಹುಳ
ಬಿದಿರು ಕಡಿದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಏಣಿ ಹತ್ತುತ್ತೇನೆ.